ಬ್ರೆಜಿಲ್ ಮೇಷ್ಟ್ರಿಗೆ ಹೊತ್ತ ಹರಕೆ

ಆ ಭಾನುವಾರ ಬೆಳಿಗ್ಗೆಯೂ ನಾನು ಎಂದಿನ ಹಾಗೆ ಬಾಗಿಲಿಗೆ ನೀರು ಹಾಕಿ, ಪುಟ್ಟದೊಂದು ರಂಗೋಲಿ ಬಿಟ್ಟು, ಹಾಲಿನ ಪಾತ್ರೆಯನ್ನು ಜಗಲಿಯ ಮೇಲಿಟ್ಟು ಒಳಗೆ ಹೋಗಿ ಬಂದಿದ್ದೆ. ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯುತ್ತಿತ್ತು. ರಾತ್ರಿ ಸುರಿದ ಮಳೆ ನಿಂತಿತ್ತು. ನಮ್ಮ ಬೀದಿಯ ತುದಿಗೆ ಕಾಣುವ ಕೋಟೆಗೋಡೆಯ ಕಲ್ಲುಗಳು ಎಣ್ಣೆ ಹಚ್ಚಿದಂತೆ ಕಪ್ಪಗೆ ಹೊಳೆಯುತ್ತಿದ್ದವು. ಎದುರುಮನೆಯ ಮಹಡಿ ಮೆಟ್ಟಿಲ ಮೇಲೆ ಬ್ರೆಜಿಲ್ ಮೇಷ್ಟ್ರು ಕೂತು, ಬೂಟಿನ ತಳಕ್ಕೆ ಮೆತ್ತಿದ ಕೆಸರನ್ನು ಪೊರಕೆ ಕಡ್ಡಿಯಿಂದ ಕೆದಕಿ ತೆಗೆಯುತ್ತಿದ್ದರು. ಸಂಜೆ ಅವರ ಹುಡುಗರ ಫುಟ್‌ಬಾಲ್ ಪಂದ್ಯವಿತ್ತು. ಆದರೂ ಅವರ ಕೈಯಲ್ಲಿ ಅವಸರವಿರಲಿಲ್ಲ.

ಕಿರಂಗೂರಿನ ಜವರಮ್ಮ ಹಾಲಿನ ಕ್ಯಾನು ಇಳಿಸಿ ಅಳತೆ ಲೋಟದಿಂದ ಸುರಿದರು. ದಿನವೂ ಕೊಸರಿಗೆಂದು ಒಂದು ತೊಟ್ಟು ಹಾಕುತ್ತಿದ್ದವರು ಅವತ್ತು ಇನ್ನೊಂದು ಲೋಟವನ್ನೇ ಸುರಿದುಬಿಟ್ಟರು.

"ಯಾಕ್ ಜವರಮ್ಮ, ಇಷ್ಟೊಂದು?"

"ಸಂಜಿಕ್ ಬರಕ್ಕಾಗಕಿಲ್ಲ ಕಣವ್ವ, ಕೆಲ್ಸ ಅದೆ. ಮದ್ಯಾನ್ಕೆ ಮೇಷ್ಟ್ರುನ್ನ ಕರ್ಕಂಡು ನೀನೂ ನಮ್ಮೂರ್ಗೆ ಬಾ. ತಪ್ಪುಸ್ ಬ್ಯಾಡ."

"ಇವತ್ತು ಆಟ ಇದೆಯಲ್ಲ?"

"ಅದ್ಕೇ ಕಣವ್ವ ಕರೀತಿರಾದು" ಎಂದು ನಕ್ಕರು. ತಲೆಗೆ ಎರೆದುಕೊಂಡಿದ್ದರು; ಸೆರಗಿನ ಮೇಲೆ ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಕಾಯಿ ಒಡೆಸಿ ಪೂಜೆ ಮಾಡಿಸುತ್ತಾರೇನೋ ಅಂದುಕೊಂಡೆ.

ಇದೆಲ್ಲ ಮತ್ತೆ ನೆನಪಾದದ್ದು ಹೋದ ತಿಂಗಳು. ಪಾಂಡವಪುರದಲ್ಲಿ ಮದುವೆ ಮುಗಿಸಿಕೊಂಡು ಬರುವಾಗ ಕಿರಂಗೂರಿನ ಹತ್ತಿರ ಕಾರು ನಿಂತಿತು. ಯಾರ ಮನೆಯಲ್ಲೋ ಬಾಡೂಟ. ಕೊತ್ತಂಬರಿ, ತೆಂಗಿನಕಾಯಿ, ಚಕ್ಕೆ ಲವಂಗ ರುಬ್ಬಿದ ಹಸಿರು ಮಸಾಲೆ ಎಣ್ಣೆಯಲ್ಲಿ ಬೇಯುವ ವಾಸನೆ ಗಾಳಿಯಲ್ಲಿ ಬಂತು. ಹಸಿವಾಗಬೇಕಾದ ವಾಸನೆ. ನಾನು ಕಾರಿನ ಗಾಜು ಏರಿಸಿದೆ.

ಮೇಷ್ಟ್ರು ನಮ್ಮ ಬೀದಿಗೆ ಬಂದದ್ದು ಬ್ರೆಜಿಲ್ ದೇಶ ಅಮೆರಿಕದಲ್ಲಿ ಫುಟ್‌ಬಾಲ್ ವಿಶ್ವಕಪ್ ಗೆದ್ದ ಮಾರನೆಯ ವರ್ಷ. ನಮ್ಮ ಶ್ರೀರಂಗಪಟ್ಟಣದಲ್ಲೂ ಹುಡುಗರು ಹಳದಿ ಬನಿಯನ್ನು ತೊಟ್ಟು ತಿರುಗುತ್ತಿದ್ದ ಕಾಲ. ಮುಂಗಾರಿನ ಮೊದಲ ಮಳೆ ಬಿದ್ದ ವಾರ ಎದುರುಮನೆಯ ಖಲೀಲ್ ಸಾಬರು ತಮ್ಮ ವ್ಯಾನಿನಲ್ಲಿ ಒಬ್ಬ ಹಿರಿಯರನ್ನು ಕೂರಿಸಿಕೊಂಡು ಬಂದರು. ಬೆಂಗಳೂರಿನ ಯಾರೋ ಶ್ರೀಮಂತರು ಕಟ್ಟಿದ್ದ ಫುಟ್‌ಬಾಲ್ ಕ್ಲಬ್ಬಿಗೆ ಖಲೀಲ್ ಸಾಬರು ವ್ಯಾನು ಓಡಿಸುತ್ತಿದ್ದರು. ಆ ಕ್ಲಬ್ಬಿಗೆಂದೇ ಬ್ರೆಜಿಲ್ಲಿನಿಂದ ಕರೆಸಿಕೊಂಡ ಕೋಚು ಇವರು. ಹೆಸರು ಅನ್ಸೆಲ್ಮೊ. ಕರೆಸಿಕೊಂಡವರಿಗೆ ಆಟದ ಮೇಲಿನ ಆಸೆ ಒಂದೇ ವರ್ಷಕ್ಕೆ ತೀರಿ ಕ್ಲಬ್ಬು ಮುಚ್ಚಿತು. ಕೊಟ್ಟಿದ್ದ ಮನೆಯನ್ನೂ ಬಿಡಿಸಿದರು.

"ಬೀದೀಲ್ ನಿಂತಿದ್ರು ಅಕ್ಕಾ, ಸೂಟ್‌ಕೇಸ್ ಹಿಡ್ಕಂಡು" ಎಂದರು ಖಲೀಲ್ ಸಾಬರು. "ನಾನೇನ್ ಮಾಡ್ಲಿ? ಒಂದ್ ನಾಕ್ ದಿನ ಇದ್ದು ಓಗ್ಲಿ ಬುಡಿ. ಮೆಹಮಾನ್ ಅಂದ್ಮೇಲೆ ಮೆಹಮಾನ್."

ನಾಲ್ಕು ದಿನ ಅಂದದ್ದು ಇಡೀ ಮಳೆಗಾಲವಾಯಿತು.

ಫಾರಿನ್ನವರು ಬಂದಿದ್ದಾರೆ ಎಂದು ನೋಡಲು ಬಂದ ಬೀದಿಯವರಿಗೆ ಮೊದಲು ನಿರಾಸೆ. ನಮ್ಮ ಪಕ್ಕದ ಮನೆಯ ಶಾರದಕ್ಕ ಕಾಂಪೌಂಡಿನ ಮೇಲೆ ಮೊಣಕೈ ಊರಿ ನೋಡಿ, "ಬಿಳೀ ದೊರೆ ಅಂದ್ಕಂಡಿದ್ದೆ. ಇವ್ರು ನಮ್ ಪಾಲಳ್ಳಿ ಕಡೇವ್ರಂಗೇ ಅವ್ರಲ್ಲೇ" ಅಂದರು. ನಿಜವೇ. ನಮಗಿಂತ ಒಂದು ಸುತ್ತು ಕಪ್ಪು ಮೈ, ನೆರೆತ ಗುಂಗುರು ಕೂದಲು, ಎಡಗಾಲನ್ನು ಸ್ವಲ್ಪ ಎಳೆದು ಹಾಕುವ ನಡಿಗೆ. ವಯಸ್ಸು ಅರವತ್ತರ ಹತ್ತಿರ. ವಿಶ್ವಕಪ್ ಗೆದ್ದದ್ದು ಇವರೇನಾ ಎಂದು ಮಕ್ಕಳು ಕೇಳಿದರೆ ಅವರು ನಗುತ್ತ, ನಾನಲ್ಲಪ್ಪ ಎನ್ನುವಂತೆ ಕಿವಿ ಮುಟ್ಟಿಕೊಳ್ಳುತ್ತಿದ್ದರು.

ಅವರ ಇಂಗ್ಲಿಷು ತುಂಡು ತುಂಡು. ನನ್ನದು ಮೈಸೂರಿನ ಕಾನ್ವೆಂಟಿನಲ್ಲಿ ಸಿಸ್ಟರುಗಳು ಕಲಿಸಿದ್ದು, ಪೂರ್ತಿ ವಾಕ್ಯದಲ್ಲೇ ಉತ್ತರಿಸಬೇಕೆಂಬ ಭಯವಿನ್ನೂ ಹೋಗಿರಲಿಲ್ಲ. ಎರಡೂ ಸೇರಿ ಹೇಗೋ ಮಾತು ನಡೆಯಿತು. ಅವರಿಗೂ ಊರಿಗೂ ನಡುವೆ ಮಾತು ದಾಟಿಸುವ ಕೆಲಸ ನನ್ನ ಪಾಲಿಗೆ ಬಂತು. ನನ್ನನ್ನು 'ಸೆನ್ಯೋರಾ' ಎನ್ನುತ್ತಿದ್ದರು. ಅದು ಅವರ ಕಡೆಯ 'ಅಮ್ಮಾವ್ರೇ'.

ಒಂದು ಮಧ್ಯಾಹ್ನ ನಾನು ಜಗಲಿಯಲ್ಲಿ ಕಡಲೆಕಾಯಿ ಬಿಡಿಸುತ್ತಿದ್ದೆ. ಅವರು ಬಂದು ಮೊರದ ಮೇಲೆ ಬೀಜಗಳನ್ನು ಸಾಲು ಹಿಡಿದು, ಆಟಗಾರರು ಎಲ್ಲೆಲ್ಲಿ ನಿಲ್ಲಬೇಕೆಂದು ನನಗೇ ಪಾಠ ಶುರು ಮಾಡಿದರು. ಹಾಗೇ ತಮ್ಮ ಕಥೆಯನ್ನೂ ಹೇಳಿಕೊಂಡರು. ಅವರ ಅಪ್ಪ ಕಬ್ಬು ಕಡಿಯುವ ಕೂಲಿ. ಮಂಡ್ಯದ ಕಡೆ ಬಸ್ಸಿನಲ್ಲಿ ಹೋಗುವಾಗ ಆಲೆಮನೆಯ ಬೆಲ್ಲದ ವಾಸನೆಗೆ ಅಳು ಬಂದುಬಿಟ್ಟಿತ್ತಂತೆ. ಚೆನ್ನಾಗಿ ಆಡುತ್ತಿದ್ದ ಕಾಲದಲ್ಲಿ ಮೊಣಕಾಲು ಮುರಿಯಿತು. ಆಮೇಲೆ ಕೋಚು. ತಮ್ಮ ಸೀಮೆಯ ಒಂದು ಪುಟ್ಟ ಊರಿನ ತಂಡವನ್ನು ದೊಡ್ಡ ಟೂರ್ನಮೆಂಟಿನ ಫೈನಲ್ಲಿನವರೆಗೆ ಒಯ್ದರು. ಅಲ್ಲಿ ಸೋತರು. ಮಾರನೆಯ ದಿನವೇ ತೆಗೆದುಹಾಕಿದರು. ಅಲ್ಲಿಂದ ಇನ್ನೊಂದು ಊರು, ಮತ್ತೊಂದು ಊರು, ಕೊಲ್ಲಿ ದೇಶದ ಮರಳು, ಕೊನೆಗೆ ಬೆಂಗಳೂರು.

"ಕಪ್ ಗೆದ್ದ ಕೋಚಿಗೂ ನಮ್ಮ ಜನ ಬೈಯುತ್ತಲೇ ಇದ್ದಾರೆ, ಆಟ ಚೆಂದವಿರಲಿಲ್ಲ ಅಂತ" ಎಂದರು. "ಗೆದ್ದವನಿಗೇ ಹಾಗೆ. ಸೋತವನು ಸೂಟ್‌ಕೇಸ್ ಬಿಚ್ಚಬಾರದು, ಸೆನ್ಯೋರಾ."

ಮಾತು ಮುಗಿಸಿ, ಎಡಗಡೆಯ ಬ್ಯಾಕ್ ಆಗಿ ನಿಲ್ಲಿಸಿದ್ದ ಬೀಜವನ್ನು ಬಾಯಿಗೆ ಹಾಕಿಕೊಂಡರು.

ಸೂಟ್‌ಕೇಸಿನ ಮಾತು ತಮಾಷೆಯಲ್ಲವೆಂದು ಗೊತ್ತಾದದ್ದು ಅವರಿಗೆ ಜ್ವರ ಬಂದಾಗ ಗಂಜಿ ಕೊಡಲು ಮಹಡಿಗೆ ಹೋದಾಗ. ಒಗೆದ ಅಂಗಿಯನ್ನು ಮಡಿಚಿ ಮತ್ತೆ ಪೆಟ್ಟಿಗೆಯೊಳಗೇ ಇಡುತ್ತಿದ್ದರು. ಗೋಡೆಯ ಮೇಲೆ ಅವರದೆಂಬ ಒಂದು ವಸ್ತುವೂ ಇರಲಿಲ್ಲ.

ಸುಮ್ಮನೆ ಕೂತಿರಲಾರದೆ ಕೋಟೆ ಕೆಳಗಿನ ಬಯಲಿನಲ್ಲಿ ಹುಡುಗರನ್ನು ಸೇರಿಸಿಕೊಂಡರು. ಕೋಟೆಯೊಳಗಿನ ಸಾಬರ ಹುಡುಗರು, ಕಿರಂಗೂರಿನ ಗೌಡರ ಹುಡುಗರು. ಕಿರಂಗೂರಿನವರು ಬೆಳಿಗ್ಗೆ ಹಾಲು ಕರೆದು ಡೈರಿಗೆ ಹಾಕಿಯೇ ಬರಬೇಕು. ಅವರಿಗಾಗಿ ಮೇಷ್ಟ್ರು ಅಭ್ಯಾಸದ ಹೊತ್ತನ್ನೇ ಮುಂದಕ್ಕೆ ಹಾಕಿದರು. ಖಾಲಿ ಕ್ಯಾನುಗಳನ್ನು ಸಾಲಾಗಿ ನಿಲ್ಲಿಸಿ ಅವುಗಳ ನಡುವೆ ಚೆಂಡು ಹಾಯಿಸಿಕೊಂಡು ಓಡಿಸುತ್ತಿದ್ದರು. ಹುಡುಗರ ಬೈಗುಳ ನಮ್ಮ ಹಿತ್ತಿಲಿಗೂ ಕೇಳುತ್ತಿತ್ತು. "ಪಾಸ್ ಕೊಡ್ಲಾ ಲೇ, ಚೆಂಡೇನು ನಿಮ್ಮಪ್ಪನ್ ಗದ್ದೇಲಿ ಬೆಳ್ದಿದ್ದಾ?" ಮೇಷ್ಟ್ರು ಕಲಿತ ಮೊದಲ ಕನ್ನಡವೂ ಅದೇ, "ಕೊಡ್ಲಾ, ಕೊಡ್ಲಾ." ಒಮ್ಮೆ ನಮ್ಮ ಮನೆಯವರನ್ನು ಬೀದಿಯಲ್ಲಿ ಕಂಡು ಅಕ್ಕರೆಯಿಂದ "ಬಾರ್ಲಾ" ಅಂದುಬಿಟ್ಟರು. ತಾಲ್ಲೂಕು ಕಚೇರಿಯಲ್ಲಿ ಕೆಲಸದಲ್ಲಿದ್ದ ಇವರಿಗೆ ಹಾಗೆ ಯಾರೂ ಅಂದಿರಲಿಲ್ಲ. ಇವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ತಂಡದ ನಾಯಕ ಜವರಮ್ಮನ ಮಗ ಸಿದ್ದರಾಜು. ಎಸ್ಸೆಸ್ಸೆಲ್ಸಿ ಫೇಲಾಗಿ ಎರಡು ವರ್ಷ ಬಸ್‌ಸ್ಟ್ಯಾಂಡಿನಲ್ಲಿ ನಿಂತವನು. ಈಗ ಅವನ ಕಾಲಿಗೆ ಒಂದು ಕೆಲಸ ಸಿಕ್ಕಿತ್ತು. "ಬೆಳಗಾನ ಎದ್ದು ಅವ್ನೇ ಹಾಲ್ ಕರೀತಾನೆ ಕಣವ್ವ" ಎಂದು ಜವರಮ್ಮ ದಿನವೂ ಅದನ್ನೇ ಹೇಳುತ್ತಿದ್ದರು, ಹೇಳುವಾಗ ಎದುರುಮನೆಯ ಮೆಟ್ಟಿಲ ಕಡೆ ನೋಡುತ್ತಿದ್ದರು.

ಅಷ್ಟರಲ್ಲಿ ಮೇಷ್ಟ್ರಿಗೆ ಈ ದೇಶದಲ್ಲಿರಲು ಸರ್ಕಾರ ಕೊಟ್ಟಿದ್ದ ಗಡುವು ಮುಗಿಯುತ್ತ ಬಂತು. ಇಲ್ಲಿ ಕೆಲಸ ಸಿಕ್ಕರೆ ಉಂಟು, ಇಲ್ಲದಿದ್ದರೆ ಊರಿಗೆ ಹಿಂತಿರುಗಬೇಕು. ಅಲ್ಲಿ ಈ ವಯಸ್ಸಿನ, ಬರಿಗೈಯ ಕೋಚನ್ನು ಯಾರೂ ಕರೆಯುವುದಿಲ್ಲ. ಬಸ್‌ಸ್ಟ್ಯಾಂಡಿನ ಎಸ್‌ಟಿಡಿ ಬೂತಿನಿಂದ ಎಲ್ಲೆಲ್ಲಿಗೋ ಫೋನು ಮಾಡುತ್ತಿದ್ದರು. ನವರಾತ್ರಿಯ ಹೊತ್ತಿಗೆ ಒಂದು ದಾರಿ ಕಂಡಿತು. ಗೋವಾದ ಒಂದು ಕ್ಲಬ್ಬಿನ ಕಾರ್ಯದರ್ಶಿ ದಸರಾ ನೋಡಲು ಮೈಸೂರಿಗೆ ಬರುವವರಿದ್ದರು. ಹಬ್ಬ ಮುಗಿದ ಭಾನುವಾರ ಇಲ್ಲಿಗೆ ಬಂದು ಮೇಷ್ಟ್ರ ಹುಡುಗರು ಮೈಸೂರಿನ ಒಂದು ತಂಡದ ಮೇಲೆ ಆಡುವುದನ್ನು ನೋಡುತ್ತೇನೆ, ಹುಡುಗರನ್ನು ನೋಡಿದರೆ ಕೋಚು ಎಂಥವನೆಂದು ಗೊತ್ತಾಗುತ್ತದೆ ಅಂದಿದ್ದರಂತೆ.

ಆ ಸುದ್ದಿ ಬಂದ ದಿನ ಮೇಷ್ಟ್ರು ನಮ್ಮ ಮನೆಗೆ ಬಂದು ಒಂದು ಮೊಳೆ ಕೇಳಿದರು. ಗೋಡೆಗೆ ಹೊಡೆದು ಅಂಗಿಯೊಂದನ್ನು ನೇತು ಹಾಕಿದರು. ನಮ್ಮ ಜಗಲಿಯಿಂದ ನೋಡಿದರೆ ಕಿಟಕಿಯಲ್ಲಿ ಆ ನೀಲಿ ಅಂಗಿ ಕಾಣುತ್ತಿತ್ತು.

ಪಂದ್ಯದ ದಿನ ಹುಡುಗರು ಏನು ತಿನ್ನಬೇಕೆಂದೂ ಹೇಳಿದರು. ಬೆಳಿಗ್ಗೆ ಬಾಳೆಹಣ್ಣು, ಮಧ್ಯಾಹ್ನಕ್ಕೆ ಉಪ್ಪು ಹಾಕಿದ ತೆಳು ಗಂಜಿ, ಅಷ್ಟೇ. ಅದನ್ನು ಜವರಮ್ಮನಿಗೆ ಹೇಳಿದಾಗ ಅವರು ಕ್ಯಾನಿನ ಮುಚ್ಚಳ ಹಾಕುತ್ತಿದ್ದವರು ಕೈ ನಿಲ್ಲಿಸಿ ನನ್ನ ಮುಖ ನೋಡಿದರು. "ಗಂಜಿ ಕುಡ್ಕಂಡು ಓಡಕ್ಕಾಯ್ತದಾ ಕಣವ್ವ? ಉಳಕ್ ಓಗೋ ಎತ್ತಿಗೂ ಮುಂಚೆ ಒಟ್ಟೆ ತುಂಬ ಉಲ್ಲು ಆಕ್ತೀವಿ." ಇದು ಎತ್ತಿನ ಕೆಲಸವಲ್ಲ, ಹೊಟ್ಟೆ ಹಗುರವಿದ್ದರೇ ಓಡಲಾಗುವುದು ಎಂದೆ. "ಆಯ್ತು ಬುಡವ್ವ" ಅಂದರು. ಮಕ್ಕಳ ಮಾತಿಗೆ ಹಿರಿಯರು ಅನ್ನುವಂತಹ ಆಯ್ತು ಅದು.

ಭಾನುವಾರ ಮಧ್ಯಾಹ್ನ ಖಲೀಲ್ ಸಾಬರ ವ್ಯಾನಿನಲ್ಲಿ ನಾವು ಕಿರಂಗೂರಿಗೆ ಹೋದೆವು. ಮೇಷ್ಟ್ರು ಆ ನೀಲಿ ಅಂಗಿಗೆ ಇಸ್ತ್ರಿ ಮಾಡಿಸಿ ತೊಟ್ಟಿದ್ದರು. ಊರೊಳಗೆ ಹೊಕ್ಕ ಕೂಡಲೇ ಆ ವಾಸನೆ. ಜವರಮ್ಮನ ಮನೆಯ ಮುಂದೆ ಚಪ್ಪರ, ಮೂರು ಕಲ್ಲಿನ ದೊಡ್ಡ ಒಲೆ, ಅದರ ಮೇಲೆ ಹಂಡೆಯಂಥ ಪಾತ್ರೆ. ರಾತ್ರಿಯ ಮಳೆಗೆ ಸೌದೆ ನೆಂದು ಬೆಂಕಿ ಹತ್ತದೆ ಅಡಿಗೆ ತಡವಾಗಿತ್ತು. ಹೊಗೆಗೆ ಎಲ್ಲರ ಕಣ್ಣೂ ಕೆಂಪು. ಹುಡುಗರು ಆಗಲೇ ಬನಿಯನ್ನು ತೊಟ್ಟು ಎಲೆ ಹಾಕಿದ ಸಾಲಿನಲ್ಲಿ ಕೂತಿದ್ದರು. ಬಿಸಿಲು ಆಗಲೇ ಪಡುವಣಕ್ಕೆ ಸರಿದಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಆಟ.

ಮೇಷ್ಟ್ರು ಚಪ್ಪರದ ಕಂಬ ಹಿಡಿದು ನಿಂತರು. ಮೊದಲು ಗಡಿಯಾರ ನೋಡಿಕೊಂಡರು, ಆಮೇಲೆ ಹುಡುಗರ ಮುಖ ನೋಡಿದರು. ಸಿದ್ದರಾಜು ತಲೆ ತಗ್ಗಿಸಿಕೊಂಡು, "ನಾನ್ ಯೋಳ್ದೆ ಸಾರ್, ನಮ್ಮವ್ವ ಕೇಳ್ನಿಲ್ಲ" ಅಂದ. ಅದನ್ನು ನಾನು ಇಂಗ್ಲಿಷಿಗೆ ತಿರುಗಿಸಬೇಕಾಗಲಿಲ್ಲ.

ಜವರಮ್ಮ ಮುದ್ದೆಯ ಕುಕ್ಕೆ ಸೊಂಟಕ್ಕಿಟ್ಟುಕೊಂಡು ಬಂದರು. "ನಮ್ಮೂರಮ್ಮನಿಗೆ ಒಂದ್ ಮರಿ ಒಪ್ಪುಸ್ತೀನಿ ಅಂತ ಅರಕೆ ಒತ್ತಿದ್ದೆ ಕಣವ್ವ. ನವ್ರಾತ್ರೀಲಿ ಬಾಡು ಮುಟ್ಟಂಗಿಲ್ವಲ್ಲ, ಅದ್ಕೇ ಇವತ್ಗೆ ಇಟ್ಕಂಡೆ. ಅರಕೆದು ಅವತ್ತಿಂದ್ ಅವತ್ತೇ ಉಂಡು ಮುಗೀಬೇಕು, ಆಟಕ್ ಓಗೋಕ್ ಮುಂಚೆ. ಸಾಬರ ಐಕ್ಳಿಗೆ ಬ್ಯಾರೆ ಕೋಳಿ, ಖಲೀಲಣ್ಣನೇ ಬೆಳಿಗ್ಗೆ ಬಂದು ಕುಯ್ದ್‌ಕೊಟ್ಟವ್ರೆ. ಯಾರ್ಗೂ ಕಮ್ಮಿ ಮಾಡಿಲ್ಲ."

ಖಲೀಲ್ ಸಾಬರು ನನ್ನ ಕಡೆ ನೋಡಲಿಲ್ಲ.

"ಯಾಕೆ ಈ ಹಬ್ಬ?" ಎಂದು ಮೇಷ್ಟ್ರು ಕೇಳಿದರು.

ನಾನು ಜವರಮ್ಮನನ್ನು ಕೇಳಿದೆ. ಅವರು ಕುಕ್ಕೆಯನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡು, ಸ್ವಲ್ಪ ನಾಚಿಕೊಂಡು ಹೇಳಿದರು. "ಮೇಷ್ಟ್ರಿಗೆ ಕೆಲ್ಸ ಸಿಗ್ಲಿ ಅಂತವ. ನನ್ ಮಗುನ್ನ ಮನ್ಸ ಮಾಡವ್ರೆ. ಅವ್ರು ಯಾಕ್ ಅಲೀಬೇಕು?"

ಅದನ್ನು ನಾನು ಪೂರ್ತಿ ವಾಕ್ಯಗಳಲ್ಲಿ, ಸಿಸ್ಟರುಗಳು ಕಲಿಸಿದ ಹಾಗೆ, ಒಂದಕ್ಷರ ಬಿಡದೆ ಹೇಳಿದೆ. ದೇವರಿಗೆ ಕೊಟ್ಟ ಈ ಕುರಿ ನಿಮ್ಮ ಕೆಲಸಕ್ಕಾಗಿ ಎಂದೆ.

ಊಟ ಬೇಡ, ಏಳಿ ಎಂದು ಮೇಷ್ಟ್ರು ಒಂದು ಸನ್ನೆ ಮಾಡಿದ್ದರೂ ಹುಡುಗರು ಏಳುತ್ತಿದ್ದರು. ಅವರ ಮಾತೆಂದರೆ ಅಷ್ಟು ನಡೆಯುತ್ತಿತ್ತು. ನಾನು ಅವರ ಕೈಯನ್ನೇ ನೋಡುತ್ತಿದ್ದೆ. ಆ ಕೈ ಕಂಬ ಬಿಟ್ಟು ಕೆಳಗಿಳಿದು ಬೂಟಿನ ದಾರ ಬಿಚ್ಚಿತು. ಬೆಳಿಗ್ಗೆಯಷ್ಟೇ ಕೆಸರು ತೆಗೆದಿದ್ದ ಬೂಟುಗಳನ್ನು ಚಪ್ಪರದ ಹೊರಗೆ ಜೋಡಿಸಿಟ್ಟು, ಸಾಲಿನ ಕೊನೆಯಲ್ಲಿ, ಬಗ್ಗದ ಎಡಗಾಲನ್ನು ಉದ್ದಕ್ಕೆ ಚಾಚಿಕೊಂಡು ಕೂತರು.

ಮುದ್ದೆಯನ್ನು ಅಗಿಯದೆ ನುಂಗಬೇಕೆಂದು ಹುಡುಗರು ಮಳೆಗಾಲದಲ್ಲೇ ಕಲಿಸಿದ್ದರು. ಹಾಗೇ ಉಂಡರು. ಒಂದು ಮುಗಿದ ಮೇಲೆ ಕೈ ಅಡ್ಡ ಹಿಡಿದು "ಸಾಕು" ಅಂದರು. "ಸಾಕಂತೆ, ಸಾಕು" ಎಂದು ನಗುತ್ತ ಜವರಮ್ಮ ಇನ್ನೊಂದು ಮುದ್ದೆ ಇಟ್ಟು ಮೇಲೆ ಸಾರು ಸುರಿದರು. ಅದನ್ನೂ ಉಂಡರು. ಎಲೆಯಲ್ಲಿ ಏನೂ ಬಿಡಲಿಲ್ಲ. ಪಂಕ್ತಿಯ ಹಿರಿಯರು ಏಳದೆ ಸಾಲಿನವರು ಏಳುವಂತಿಲ್ಲ. ಹುಡುಗರೂ ಪೂರ್ತಿ ಉಂಡರು.

ಆಟದ ಬಗ್ಗೆ ಹೆಚ್ಚು ಬರೆಯಲು ಮನಸ್ಸಿಲ್ಲ. ಗೋವಾದ ಕಾರ್ಯದರ್ಶಿ ಕೋಟೆಗೋಡೆಯ ನೆರಳಿನಲ್ಲಿ ಕುರ್ಚಿ ಹಾಕಿಸಿಕೊಂಡು, ಕೊಡೆಯ ಹಿಡಿಯ ಮೇಲೆ ಗದ್ದವಿಟ್ಟುಕೊಂಡು ಕೂತಿದ್ದರು. ಬಯಲಿನ ನೆಲ ಮಳೆಗೆ ಮೆತ್ತಗಾಗಿತ್ತು. ಮೊದಲ ಸ್ವಲ್ಪ ಹೊತ್ತು ಹುಡುಗರು ಓಡಿದರು, ಆಮೇಲೆ ನಡೆದರು. ಕ್ಯಾನುಗಳ ನಡುವೆ ಹಾವಿನಂತೆ ಹರಿಯುತ್ತಿದ್ದ ಸಿದ್ದರಾಜು ಹೊಟ್ಟೆ ಹಿಡಿದುಕೊಂಡು ಗೆರೆಯ ಹೊರಗೆ ಹೋಗಿ ವಾಂತಿ ಮಾಡಿಕೊಂಡ. ಬಾಯಿ ಒರೆಸಿಕೊಂಡು ಮತ್ತೆ ಬಂದ. ಮೈಸೂರಿನವರು ಗೋಲಿನ ಮೇಲೆ ಗೋಲು ಹೊಡೆದರು. ಯಾವತ್ತೂ "ಕೊಡ್ಲಾ, ಕೊಡ್ಲಾ" ಎಂದು ಗೆರೆಯುದ್ದಕ್ಕೂ ಕುಂಟುತ್ತ ಓಡುತ್ತಿದ್ದ ಮೇಷ್ಟ್ರು ಅವತ್ತು ಒಂದೇ ಕಡೆ ಕೈಕಟ್ಟಿ ನಿಂತಿದ್ದರು. ಒಮ್ಮೆಯೂ ಕೂಗಲಿಲ್ಲ.

ಮುಗಿದ ಮೇಲೆ ಕಾರ್ಯದರ್ಶಿ ಎದ್ದು ಬಂದು ಮಾತಾಡಿದರು. ಇಂಗ್ಲಿಷಿನಲ್ಲಲ್ಲ. ಗೋವಾದ ಹಳೆಯ ತಲೆಗಳಿಗೆ ಪೋರ್ಚುಗೀಸು ಬರುತ್ತದೆ, ಬ್ರೆಜಿಲ್ಲಿನ ಮಾತೂ ಅದೇ. ಮಳೆಗಾಲವಿಡೀ ಯಾರಿಂದಲೂ ಕೇಳದ ತಮ್ಮ ಮಾತನ್ನು ಕೇಳಿ ಮೇಷ್ಟ್ರ ಮುಖ ಒಂದು ಕ್ಷಣ ದೀಪ ಹಚ್ಚಿದಂತಾಯಿತು. ಅವರೇನು ಹೇಳಿದರೋ ನನಗೆ ತಿಳಿಯದು. ಆದರೆ ಕಾರ್ಯದರ್ಶಿ ಅವರ ಬಲಗೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು. ಸಾವಿನ ಮನೆಯಲ್ಲಿ ಹಿಡಿಯುತ್ತಾರಲ್ಲ, ಹಾಗೆ. ಮೇಷ್ಟ್ರು ತಲೆಯಾಡಿಸಿದರು. ಕಾರು ಮೈಸೂರಿನ ಕಡೆ ಹೊರಟುಹೋಯಿತು.

ಬಯಲಿನಿಂದ ಮನೆಗೆ ನಾವು ನಡೆದೇ ಬಂದೆವು. ಹುಡುಗರು ದೂರದಲ್ಲಿ ಗುಂಪಾಗಿ ಕೂತಿದ್ದರು. ಅವರಿಗೆ ಮೇಷ್ಟ್ರು ಏನು ಹೇಳಿದರೋ, ಸಿದ್ದರಾಜುವಿನ ತಲೆಯ ಮೇಲೆ ಕೈಯಿಟ್ಟು ಬಂದಿದ್ದರು. ನನಗೆ ತಡೆಯಲಾಗಲಿಲ್ಲ. ನೀವು ಒಂದು ಮಾತು ಹೇಳಿದ್ದರೆ ಹುಡುಗರು ಎಲೆಯಿಂದ ಏಳುತ್ತಿದ್ದರಲ್ಲ ಎಂದೆ.

"ಏಳುತ್ತಿದ್ದರು" ಎಂದರು. ಸ್ವಲ್ಪ ದೂರ ನಡೆದ ಮೇಲೆ, ಪದಗಳನ್ನು ಹುಡುಕಿ ಹುಡುಕಿ ಹೇಳಿದರು. "ಎಷ್ಟೋ ಊರುಗಳಲ್ಲಿ ಜನ ದೇವರಿಗೆ ಹರಕೆ ಹೊತ್ತಿದ್ದಾರೆ, ಸೆನ್ಯೋರಾ. ಈ ಕೋಚು ತೊಲಗಲಿ ಅಂತ. ಇರಲಿ ಅಂತ ಹೊತ್ತದ್ದು ಇವತ್ತೇ ನೋಡಿದ್ದು. ಅದನ್ನು ಎಲೆಯಲ್ಲಿ ಬಿಟ್ಟು ಏಳುವುದು ಹೇಗೆ?"

ಮನೆಯ ಹತ್ತಿರ ಬಂದಾಗ ನಿಂತು, "ಆ ತಾಯಿಗೆ ಹೇಳಬೇಡಿ" ಎಂದರು.

ನಾನು ಹೇಳಲಿಲ್ಲ. ಸಿದ್ದರಾಜುವೂ ಹೇಳಲಿಲ್ಲ. ಆ ವಾರವೇ ಖಲೀಲ್ ಸಾಬರು ಅವರನ್ನು ವ್ಯಾನಿನಲ್ಲಿ ಬೆಂಗಳೂರಿಗೆ ಕರೆದೊಯ್ದು ವಿಮಾನ ಹತ್ತಿಸಿ ಬಂದರು. ಆಮೇಲೆ ಅವರ ಸುದ್ದಿ ಯಾರಿಗೂ ಗೊತ್ತಿಲ್ಲ. ಮುಂದಿನ ವಿಶ್ವಕಪ್ಪಿನ ಫೈನಲ್ಲಿನಲ್ಲಿ ಬ್ರೆಜಿಲ್ ಸೋತಾಗ ಅದನ್ನು ಮಾರನೆಯ ದಿನ ಟಿವಿಯಲ್ಲಿ ಮತ್ತೆ ತೋರಿಸುತ್ತಿದ್ದರು. ಹಾಲು ಕೊಡಲು ಬಂದ ಜವರಮ್ಮ ಹೊಸ್ತಿಲಲ್ಲೇ ನಿಂತು, ಗೆರೆಯ ಹೊರಗೆ ನಿಂತವರ ಮುಖಗಳನ್ನೆಲ್ಲ ಹುಡುಕಿ, "ನಮ್ ಮೇಷ್ಟ್ರು ಕಾಣ್ನಿಲ್ವಲ್ಲವ್ವ" ಅಂದರು. ಕೆಲಸ ಸಿಕ್ಕಿರಬೇಕೆಂದೇ ಅವರ ನಂಬಿಕೆ. ಅಮ್ಮನಿಗೆ ಕೊಟ್ಟದ್ದು ಎಂದೂ ವ್ಯರ್ಥವಾಗಿರಲಿಲ್ಲ.

ಆ ಭಾನುವಾರ ಸಂಜೆ ನಾನು ಕೈಕಾಲು ತೊಳೆದು, ದೇವರಿಗೆ ದೀಪ ಹಚ್ಚಿ ಜಗಲಿಗೆ ಬಂದು ನಿಂತೆ. ಹೊಳೆಯಲ್ಲಿ ನೀರು ಹೆಚ್ಚಿ ಅದರ ಸದ್ದು ಬೀದಿಗೂ ಕೇಳುತ್ತಿತ್ತು. ಕರಿಘಟ್ಟದ ಮೇಲೆ ಮತ್ತೆ ಮೋಡ ಕವಿಯುತ್ತಿತ್ತು. ಎದುರುಮನೆಯ ಮಹಡಿಯಲ್ಲಿ ದೀಪ ಹತ್ತಿತು. ಕಿಟಕಿಯಲ್ಲಿ ನೀಲಿ ಅಂಗಿ ಇರಲಿಲ್ಲ, ಮೊಳೆಯೊಂದೇ ಇತ್ತು. ಅವರು ಬಗ್ಗಿ ಪೆಟ್ಟಿಗೆಯೊಳಗೆ ಏನನ್ನೋ ಮಡಿಚಿಡುವ ನೆರಳು ಗೋಡೆಯ ಮೇಲೆ ಆಡುತ್ತಿತ್ತು.

ಪಕ್ಕದ ಹಿತ್ತಿಲಿನಲ್ಲಿ ಶಾರದಕ್ಕ ಮಳೆ ಬರುವ ಮೊದಲು ಹಗ್ಗದ ಮೇಲಿನ ಬಟ್ಟೆ ತೆಗೆಯುತ್ತಿದ್ದರು. ಸೀರೆಯೊಂದನ್ನು ಕೊಡವಿ ಹೆಗಲಿಗೆ ಹಾಕಿಕೊಂಡು, ನನ್ನ ಕಡೆ ತಿರುಗದೆಯೇ ಅಂದರು.

"ನಮ್ ಐಕ್ಳು ಸೋತೋದ್ವಂತೆ ಕಣೇ. ಓಡಕ್ಕೇ ಆಗ್ನಿಲ್ವಂತೆ. ಪಾಪ, ಒಟ್ಟೆಗೆ ಸರ್ಯಾಗಿ ಇಕ್ಕಿ ಕಳ್ಸಿರ್ನಿಲ್ಲ ಅಂತ ಕಾಣ್ತದೆ."